ಹೆಮ್ಮೊಸಳೆಯ ನರದ ಮರ

ಸಮುದ್ರಕ್ಕೂ ನೆಲಕ್ಕೂ ಜಗಳ ತೀರದೆ ಇದ್ದ ಕಾಲದಲ್ಲಿ, ಹಿರಿಹೊಳೆಯ ಉದ್ದಕ್ಕೂ ಹಬ್ಬಿದ ಒಂದು ರಾಜ್ಯವಿತ್ತು. ತೊಂಡರಾಯನೆಂಬ ಅರಸ ಅದನ್ನು ಆಳುತ್ತಿದ್ದ. ಆಳುತ್ತಿದ್ದೇನೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ನಿಜವಾಗಿ ಆ ರಾಜ್ಯವನ್ನು ಕಾಯುತ್ತಿದ್ದುದು ಒಂದು ಮೊಸಳೆ.

ಹೊಳೆ ಸಮುದ್ರ ಸೇರುವ ಜಾಗದಲ್ಲಿ ಆ ಹೆಮ್ಮೊಸಳೆ ಏರಿಯ ಹಾಗೆ ಅಡ್ಡ ಮಲಗಿತ್ತು. ಅದು ಬಾಯಿ ಮುಚ್ಚಿದರೆ ಸಮುದ್ರ ಒಳಗೆ ಬರುತ್ತಿರಲಿಲ್ಲ. ಬಾಯಿ ತೆರೆದರೆ ಹೊಳೆಯ ಪ್ರವಾಹ ಅದರ ದವಡೆಗಳ ನಡುವೆ ಹಾದು ಸಮುದ್ರಕ್ಕೆ ಬೀಳುತ್ತಿತ್ತು. ಕಣ್ಣಿನ ಮೇಲೆ ಪಾಚಿ ಬೆಳೆದು ಅದಕ್ಕೆ ಏನೂ ಕಾಣುತ್ತಿರಲಿಲ್ಲ. ಅದಕ್ಕೆ ಲೋಕ ತಿಳಿಯುತ್ತಿದ್ದುದು ಕತ್ತಿನ ಮೇಲೆ ಬೆಳೆದ ನರದ ಮರದಿಂದ.

ಎಲೆಯಿಲ್ಲದ ಬಿಳಿಯ ಮರ ಅದು. ಅದರ ಕೊಂಬೆ ಮೊಸಳೆಯ ಕತ್ತಿನಿಂದ ಹೊರಟು ಹೊಳೆಯ ಪಕ್ಕದಲ್ಲೇ ನೆಲದ ಮೇಲೆ ಮಲಗಿ ಮೇಲಕ್ಕೆ ಸಾಗುತ್ತಿತ್ತು. ಬುಡದೂರಿನಲ್ಲಿ ಅದು ಕಂಬದಷ್ಟು ದಪ್ಪ. ಕವಲೂರಿನಲ್ಲಿ ಎರಡಾಗಿ ಎರಡು ದಡಗಳನ್ನೂ ತಡವುತ್ತಿತ್ತು. ಬೆಟ್ಟದ ಮೇಲಿನ ತುದಿಯೂರನ್ನು ಮುಟ್ಟುವಾಗ ನೂಲಿನಷ್ಟು ತೆಳ್ಳಗಾಗಿರುತ್ತಿತ್ತು. ಪ್ರತಿ ಊರಿನಲ್ಲೂ ಹೊಳೆಯಂಚಿಗೆ ಒಂದು ಕಲ್ಲು, ಕಲ್ಲಿನ ಪಕ್ಕದಲ್ಲಿ ಒಬ್ಬರು ಕಾವಲಿನವರು; ಕವಲೂರಿನಲ್ಲಿ ಮಾತ್ರ ದಡಕ್ಕೊಬ್ಬರು. ಏರಿದ ನೀರು ಕಲ್ಲನ್ನು ಮುಟ್ಟಿದರೆ ಅವರು ಅಂಗೈಯಿಂದ ಕೊಂಬೆಯನ್ನು ಒಂದು ಸಲ ತಟ್ಟಬೇಕು. ಹೆಚ್ಚು ತಟ್ಟಬಾರದು, ಬೇಗ ತಟ್ಟಬಾರದು. ಅಷ್ಟೇ ಕಟ್ಟಳೆ.

ತುದಿಯೂರಿನಲ್ಲಿ ತಟ್ಟುವವಳು ದ್ಯಾಮಿ. ಗಟ್ಟಿ ಬಾಯಿಯ ಹೆಂಗಸು. ಅವಳ ತಂಗಿ ನೀಲಿಯನ್ನು ಬುಡದೂರಿಗೆ ಕೊಟ್ಟಿದ್ದರು. ಅಲ್ಲಿ ತಟ್ಟುವವಳು ನೀಲಿ. ನೀಲಿಯ ತಟ್ಟು ಗಕ್ಕನೆ ಮೊಸಳೆಗೆ ಮುಟ್ಟುತ್ತಿತ್ತು. ದ್ಯಾಮಿಯ ತಟ್ಟು ಆ ಉದ್ದದ ಕೊಂಬೆಯಲ್ಲಿ ತೆವಳಿ ತೆವಳಿ, ತಡವಾಗಿ, ಸೊರಗಿ ಮುಟ್ಟುತ್ತಿತ್ತು.

ಇದನ್ನು ಹಿಡಿದುಕೊಂಡು ಅರಮನೆಯವರು ತುದಿಯೂರಿನವರನ್ನು ಹಂಗಿಸುತ್ತಿದ್ದರು. "ಮೊಸಳೆಗೇ ಕೇಳದ ಮಾತು ಅರಸರಿಗೆ ಕೇಳುತ್ತದೆಯೇನ್ರೋ?" ಎಂದು ಅವರನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದರು. ನಿಂತು ನಿಂತು ಅವರಿಗೆ ರೋಸಿಹೋಯಿತು. ಕೊನೆಗೆ ದ್ಯಾಮಿ ಊರನ್ನೆಲ್ಲ ಕಟ್ಟಿಕೊಂಡು ಹೋಗಿ ಅರಮನೆಯ ಅಂಗಳದಲ್ಲಿ ಕೂತು ಕೂಗಿದಳು. "ನಮ್ಮ ತಟ್ಟೂ ಬುಡದವರ ತಟ್ಟಿನಷ್ಟೇ ಜೋರಾಗಿ, ಅಷ್ಟೇ ಬೇಗ ಮುಟ್ಟಬೇಕು! ಇಲ್ಲದಿದ್ದರೆ ನಾವು ಏಳೋದಿಲ್ಲ!"

ಅರಸನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಆಗ ಜನರ ನಡುವಿನಿಂದ ಒಬ್ಬ ಎದ್ದು ಬಂದ. ಅವನು ಮಂತ್ರಗಾರ. ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತೇನೆ ಎಂದು ಊರೂರು ತಿರುಗುತ್ತಿದ್ದುದರಿಂದ ಜನ ಅವನನ್ನು ಮಟ್ಟದಯ್ಯ ಎನ್ನುತ್ತಿದ್ದರು.

"ಈ ಹೆಣ್ಣುಮಗಳು ಕೇಳುತ್ತಿರುವುದು ನ್ಯಾಯ," ಎಂದ ಮಟ್ಟದಯ್ಯ. "ಕೊಂಬೆ ಇರುವುದರಿಂದ ತಾನೇ ಬುಡ, ತುದಿ? ಕಡಿದುಬಿಡೋಣ. ಊರಿಗೊಂದು ಹಕ್ಕಿ ಕೊಡುತ್ತೇನೆ. ಹಕ್ಕಿಯ ಬೆನ್ನು ತಟ್ಟಿದರೆ ಅದು ಹಾರಿಹೋಗಿ, ಮರದಲ್ಲಿ ನಿಮ್ಮ ನಿಮ್ಮ ಊರಿನ ಜಾಗವನ್ನು ಕುಟ್ಟುತ್ತದೆ. ಎಲ್ಲರದೂ ಒಂದೇ ಸದ್ದು, ಒಂದೇ ವೇಗ."

ಅವನ ಕೊಡಲಿ ಗಾಳಿಯಲ್ಲಿ ತಾನಾಗಿ ಹಾರಿ ಕೊಂಬೆಯನ್ನು ಕಡಿಯಿತು. ಮರ ಮೋಟು ಕಂಬವಾಯಿತು. ಎಲ್ಲ ಊರುಗಳ ಜಾಗವೂ ಆ ಕಂಬದ ಮೇಲೆಯೇ ಬಂತು. ತುದಿಯೂರಿನವರು ಕುಣಿದರು. ದ್ಯಾಮಿ ಎಲ್ಲರಿಗಿಂತ ಹೆಚ್ಚು ಕುಣಿದಳು.

ಕುಣಿತದ ಧೂಳು ಇಳಿಯುವ ಮೊದಲೇ ಸಮುದ್ರ ಉಬ್ಬಿತು. ಯಾರೂ ತಟ್ಟಲಿಲ್ಲ. ಆದರೂ ಹಕ್ಕಿಗಳು ಹಾರಿಹೋಗಿ ಕಂಬವನ್ನು ಕುಟ್ಟಿದವು. ಮೊಸಳೆ ಬಾಯಿ ತೆರೆಯಿತು. ಉಪ್ಪುನೀರು ಬುಡದೂರಿನಿಂದ ಕವಲೂರಿನವರೆಗೆ ಗದ್ದೆಗಳಲ್ಲಿ ನಿಂತಿತು.

ಅರಸ ಓಡಿಹೋಗಿ ಮಟ್ಟದಯ್ಯನ ಕಾಲು ಹಿಡಿದ. ಮಟ್ಟದಯ್ಯ ನಕ್ಕ. "ಹಕ್ಕಿಗಳು ಯಾರ ಮಾತು ಕೇಳುತ್ತವೆ ಎಂದು ನೀವು ಯಾರೂ ನನ್ನನ್ನು ಕೇಳಲೇ ಇಲ್ಲವಲ್ಲ, ದೊರೆ. ಬಾಯಿ ಮುಚ್ಚಿಸಬೇಕೇ? ಗದ್ದೆಯಲ್ಲಿ ಒಣಗುವ ಉಪ್ಪನ್ನೆಲ್ಲ ಹೊತ್ತು ತಂದು ನನಗೊಂದು ಗೋಪುರ ಕಟ್ಟಿಕೊಡಿ."

ಹೀಗೆ ಬಿಟ್ಟಿ ಕೆಲಸ ಶುರುವಾಯಿತು. ಸಮುದ್ರ ಒಳಗೆ ಬರುವುದು, ಒಣಗುವುದು, ಜನ ಉಪ್ಪು ಕೆರೆಯುವುದು, ಬುಟ್ಟಿ ಹೊತ್ತು ಮೊಸಳೆಯ ಬೆನ್ನಿನ ಮೇಲೆ ನಡೆದು ಆಚೆಯ ಮರಳದಿಬ್ಬಕ್ಕೆ ಸಾಗಿಸುವುದು. ಗೋಪುರ ಎದ್ದಷ್ಟೂ ಮಟ್ಟದಯ್ಯನಿಗೆ ಸಾಲದು. ಎಲ್ಲ ಊರುಗಳಿಂದಲೂ ಜನ ಬರಬೇಕಾಯಿತು. ಆ ಬಿಟ್ಟಿಯಲ್ಲಿ ಮಾತ್ರ ಎಲ್ಲರೂ ಸಮಾನರಾಗಿದ್ದರು.

ದ್ಯಾಮಿಯೂ ಬಂದಳು. ತಂಗಿಯ ಮನೆಯಲ್ಲಿ ಇಳಿದುಕೊಂಡಳು. ನೀಲಿಗೆ ಎದೆಹಾಲು ಕುಡಿಯುವ ಕೂಸು.

"ಅಕ್ಕಾ, ಎಲ್ಲಿ ಕಾಲು ತೋರಿಸು."

"ಏನು ನೋಡ್ತೀಯೇ? ಕಾಲು ಕಾಲಿನ ಹಾಗಿದೆ."

"ಕಾಲಿನ ಹಾಗಿಲ್ಲ. ಒಣಮೀನಿನ ಹಾಗಿದೆ."

ಇಬ್ಬರೂ ನಕ್ಕರು. ನಗುವುದಕ್ಕೂ ಆಯಾಸವಾಗಿ ನಿಲ್ಲಿಸಿದರು.

ಒಂದು ಮಧ್ಯಾಹ್ನ ದ್ಯಾಮಿ ಬುಟ್ಟಿಯನ್ನು ಮೊಸಳೆಯ ಕಿವಿಯ ಹತ್ತಿರ ಕುಕ್ಕಿ ಕೂತುಬಿಟ್ಟಳು. "ಯಾಕೆ ಬಾಯಿ ತೆರೀತೀಯೋ, ಹಾಳಾದವನೇ? ಸಮುದ್ರ ಯಾವುದು, ಹೊಳೆ ಯಾವುದು ಅಂತ ಗೊತ್ತಾಗೋದಿಲ್ವಾ ನಿನಗೆ?"

"ಗೊತ್ತಾಗೋದಿಲ್ಲ, ತಾಯಿ," ಎಂದಿತು ಮೊಸಳೆ. ಅದರ ದನಿ ಅವಳ ದನಿಗಿಂತಲೂ ದಣಿದಿತ್ತು. "ಕಂಬಕ್ಕೆ ಕುಟ್ಟುತ್ತಾರೆ. ಎಷ್ಟು ಕುಟ್ಟಿದರು ಅಂತ ಎಣಿಸುತ್ತೇನೆ. ಎಲ್ಲ ಊರಿನದೂ ಬಂದರೆ ಬಾಯಿ ತೆರೆಯುತ್ತೇನೆ. ಇನ್ನೇನೂ ಬರೋದಿಲ್ಲ ನನಗೆ."

"ಮೊದಲು ಬರುತ್ತಿತ್ತಲ್ಲ!"

"ಮೊದಲು ನಾನು ಯೋಚಿಸುತ್ತಿದ್ದೆ ಅಂದುಕೊಂಡಿರಾ? ನನ್ನ ಕೊಂಬೆ ಯೋಚಿಸುತ್ತಿತ್ತು. ಅದರ ಉದ್ದ ಯೋಚಿಸುತ್ತಿತ್ತು, ಅದರ ಕವಲು ಯೋಚಿಸುತ್ತಿತ್ತು. ಪ್ರವಾಹ ಬಂದಾಗ ಮೊದಲು ತಟ್ಟುವವಳು ನೀನು. ನಿನ್ನ ತಟ್ಟು ನಿಧಾನವಾಗಿ ಇಳಿಯುತ್ತಾ ಇರುವಾಗಲೇ ನೀರು ಕವಲೂರಿಗೆ ಬರುತ್ತೆ, ಅವರು ತಟ್ಟುತ್ತಾರೆ. ಎರಡು ದಡದವರೂ ತಟ್ಟಿದರೆ ಮಾತ್ರ ಕವಲು ಅದನ್ನು ಮುಂದಕ್ಕೆ ಬಿಡುತ್ತೆ. ಒಂದು ದಡದಲ್ಲಿ ದನ ಕೊಂಬೆ ತುಳಿದರೆ ಬಿಡೋದಿಲ್ಲ. ಆಮೇಲೆ ಬುಡದೂರಿಗೆ ನೀರು ಬರುತ್ತೆ, ನಿನ್ನ ತಂಗಿ ತಟ್ಟುತ್ತಾಳೆ. ಅಷ್ಟು ಹೊತ್ತಿಗೆ ಮೇಲಿನಿಂದ ಹೊರಟದ್ದೂ ಬಂದು ಸೇರಿರುತ್ತೆ. ಎಲ್ಲವೂ ಒಟ್ಟಿಗೆ ನನ್ನ ಕತ್ತಿಗೆ ಬಡಿಯುತ್ತೆ. ನಾನು ಬಾಯಿ ತೆರೆಯುತ್ತೇನೆ."

"ಸಮುದ್ರ ಬಂದಾಗ?"

"ಆಗ ಅದು ಹೊಳೆಯನ್ನು ಹಿಂದಕ್ಕೆ ಒತ್ತುತ್ತೆ, ನೀರು ಕೆಳಗಿನಿಂದ ಏರುತ್ತೆ. ನಿನ್ನ ತಂಗಿಯದು ಮೊದಲು. ಅದು ಬಂದು ಆರಿಹೋದ ಮೇಲೆ ಕವಲೂರಿನದು. ಅದೂ ಆರಿದ ಮೇಲೆ, ಯಾವಾಗಲೋ, ನಿನ್ನದು. ಒಂದೊಂದೇ ಬಂದರೆ ನನಗೆ ಏನೂ ಆಗೋದಿಲ್ಲ. ನಾನು ನಿದ್ದೆ ಮಾಡುತ್ತೇನೆ. ಅದೇ ಜನ, ಅವೇ ಕೈ, ತಟ್ಟಿದ್ದೂ ಅಷ್ಟೇ. ಬೇರೆ ಬೇರೆ ಅಂತ ತಿಳಿಸುತ್ತಿದ್ದದ್ದು ಕೊಂಬೆಯ ಆಕಾರ."

ದ್ಯಾಮಿ ತಲೆಯೆತ್ತಿ ಮೋಟು ಕಂಬವನ್ನು ನೋಡಿದಳು. "ಹಾಗಾದರೆ ನಮ್ಮ ತಟ್ಟು ತಡವಾಗಿದ್ದದ್ದು..."

"ಆ ತಡವೇ ಅದರ ಕೆಲಸ. ನೀನು ಅದನ್ನು ಕಡಿಸಿದೆ. ಈಗ ಕೇಳು. ಮೊದಲ ಮಳೆ ಹತ್ತಿರ ಬಂತು. ಮಳೆಯಲ್ಲಿ ಹಕ್ಕಿಗಳು ಹಾರೋದಿಲ್ಲ. ಪ್ರವಾಹ ಬಂದರೆ ನನಗೆ ಹೇಳುವವರಿಲ್ಲ. ಬಾಯಿ ಮುಚ್ಚಿಕೊಂಡೇ ಇರುತ್ತೇನೆ. ಹೊಳೆ ತುಂಬಿ ಬುಡದೂರನ್ನು ಮುಳುಗಿಸುತ್ತೆ. ನಿನ್ನ ತಂಗಿಯ ಮನೆ ನನ್ನ ದವಡೆಯ ಪಕ್ಕದಲ್ಲೇ ಇದೆ."

"ಏನು ಮಾಡಲಿ?"

"ಕಡಿದ ಕೊಂಬೆ ಸತ್ತಿಲ್ಲ. ಮಟ್ಟದಯ್ಯ ಅದನ್ನು ಕುಗ್ಗಿಸಿ ಹಂಚಿದ್ದಾನೆ. ಬುಡದ ತುಂಡು ಅವನ ಎಮ್ಮೆಯ ಹತ್ತಿರ ಇದೆ, ಕವಲು ಅವನ ಹಾವಿನ ಹತ್ತಿರ. ತುದಿಯ ಎಳೆ ಯಾರ ಹತ್ತಿರ ಇದೆ ಅಂತ ನಿನಗೇ ಗೊತ್ತು. ಅದರದರ ಜಾಗದಲ್ಲಿಟ್ಟು ಕಡಿದ ಕಡೆಯನ್ನು ಅಂಗೈಯಲ್ಲಿ ಹಿಡಿದುಕೊಂಡರೆ ಬೆಳೆಯುತ್ತೆ. ಕೂಡುವವರೆಗೆ ಕೈ ಬಿಡಬಾರದು."

ದ್ಯಾಮಿ ಉಸಿರು ಬಿಟ್ಟಳು, ಮೊಣಕಾಲು ಹಿಡಿದು ಎದ್ದಳು.

ಮಟ್ಟದಯ್ಯನ ಎಮ್ಮೆ ಬುಡದೂರಿನ ಹೊರಗೆ ಮಲಗಿತ್ತು. ಬೀದಿಯಷ್ಟು ಉದ್ದದ ಎಮ್ಮೆ. ಕೊಂಬೆಯ ತುಂಡು ಅದರ ಗದ್ದದ ಕೆಳಗೆ. ತಲೆಯ ಹತ್ತಿರ ಇರುವೆ ಹರಿದರೂ ಅದು ಎದ್ದು ತಿವಿಯುತ್ತಿತ್ತು.

"ಬಾಲ ಎಲ್ಲಿದೆ ನೋಡು," ಎಂದಳು ದ್ಯಾಮಿ. "ಊರ ಆ ಕೊನೆಯಲ್ಲಿ. ಬಾಲಕ್ಕಾದದ್ದು ತಲೆಗೆ ತಿಳಿಯೋದು ಯಾವಾಗ? ನೀನು ಹೋಗಿ ಚಿವುಟು."

ನೀಲಿ ಹೋಗಿ ಬಲವಾಗಿ ಚಿವುಟಿ, ಮನೆಗೆ ಬಂದು, ಕೂಸಿಗೆ ಹಾಲು ಕುಡಿಸುತ್ತಾ ಕೂತಳು. ಕೂಸು ಕುಡಿದು ಮಲಗಿತು. ಆಮೇಲೆ ಎಮ್ಮೆ, "ಯಾವಳೇ ಅದು?" ಎಂದು ಅಬ್ಬರಿಸಿ ಎದ್ದು ಬಾಲದ ಕಡೆ ತಿರುಗಿತು. ಅಲ್ಲಿ ಯಾರೂ ಇರಲಿಲ್ಲ. ಹಿಂದೆ ತಿರುಗುವಷ್ಟರಲ್ಲಿ ದ್ಯಾಮಿ ತುಂಡನ್ನು ಎತ್ತಿಕೊಂಡಿದ್ದಳು. ಮೊಸಳೆಯ ಕತ್ತಿನ ಮೋಟು ಕಂಬಕ್ಕೆ, ಕಡಿದಿದ್ದ ಕಡೆ, ಅಕ್ಕತಂಗಿಯರು ಅದನ್ನು ಹಿಡಿದರು. ತುಂಡು ಬೆಚ್ಚಗಾಯಿತು, ಮೇಲಕ್ಕೆ ಬೆಳೆಯತೊಡಗಿತು.

"ಕೂಡುವವರೆಗೆ ನಾನು ಹಿಡಿದಿರ್ತೀನಿ, ನೀನು ಹೋಗಕ್ಕ," ಎಂದಳು ನೀಲಿ. "ಆದರೆ ಬೇಗ ಬಾ. ಮೋಡ ನೋಡು."

ದ್ಯಾಮಿ ಕೊಂಬೆಯ ಜೊತೆಗೇ ನಡೆದಳು. ಕವಲೂರಿನಲ್ಲಿ ತಟ್ಟುವವರು ಕುಂಬಾರ ಸಣ್ಣೀರ ಮತ್ತು ಅವನ ಹೆಂಡತಿ ಗಂಗಿ. ಇಬ್ಬರಿಗೂ ಜಗಳವಾಗಿ ಅವನು ಈ ದಡದಲ್ಲಿ, ಅವಳು ಆ ದಡದಲ್ಲಿ ಇದ್ದರು. ಸಣ್ಣೀರನ ಆವಿಗೆಯಲ್ಲಿ ಎರಡು ತಲೆಯ ಹಾವು ಕವಲನ್ನು ಸುತ್ತಿಕೊಂಡು ಮಲಗಿತ್ತು.

"ಒಂದು ತಲೆಗೆ ಸಿಟ್ಟು ಬಂದರೆ ಕಚ್ಚೋದಿಲ್ಲ ಕಣವ್ವ," ಎಂದ ಸಣ್ಣೀರ. "ಇನ್ನೊಂದು ಸಮಾಧಾನ ಮಾಡುತ್ತೆ. ಎರಡಕ್ಕೂ ಒಟ್ಟಿಗೆ ಬಂತೋ, ಮುಗೀತು."

"ನಮ್ಮ ಮನೆಯ ಹಾಗೆ!" ಎಂದು ಗಂಗಿ ಆ ದಡದಿಂದ ಕೂಗಿದಳು.

"ನೀನು ಸುಮ್ನಿರೇ!"

ದ್ಯಾಮಿಗೆ ಒಂದೇ ಸಲ ಎಳೆದು ಓಡಿಬಿಡೋಣ ಅನ್ನಿಸಿತು. ಮೈಯೆಲ್ಲ ನೋಯುತ್ತಿತ್ತು. ಆದರೂ ಎಡಗಡೆಯಿಂದ ಸ್ವಲ್ಪವೇ ಎಳೆದಳು.

"ಯಾರೋ ಅದು?" ಎಂದು ಎಡದ ತಲೆ ಹೆಡೆಯೆತ್ತಿತು.

"ಬಿಡಣ್ಣ, ಗಾಳಿ," ಎಂದಿತು ಬಲದ ತಲೆ.

ಎಡದ ತಲೆ ತಣ್ಣಗಾಗುವವರೆಗೆ ಕಾದು ದ್ಯಾಮಿ ಬಲಗಡೆಯಿಂದ ಎಳೆದಳು.

"ಯಾರೋ ಅದು?" ಎಂದಿತು ಬಲದ ತಲೆ.

"ಈಗ ತಾನೇ ಗಾಳಿ ಅಂದವನು ನೀನೇ ಅಲ್ಲವೇನೋ? ಮಲಗು."

ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಸಿಟ್ಟುಗಳು ಒಂದಕ್ಕೊಂದು ಸಿಕ್ಕಲೇ ಇಲ್ಲ. ಕವಲು ಹೊರಗೆ ಬಂತು. ಕೆಳಗಿನಿಂದ ಬೆಳೆದು ಬಂದ ಕೊಂಬೆಗೆ ಅದನ್ನು ಸೇರಿಸಿ ಸಣ್ಣೀರ ಒಂದು ಕೈ ಹಿಡಿದ. ಗಂಗಿ ಬೈಯುತ್ತಲೇ ಹೊಳೆ ದಾಟಿ ಬಂದು ಇನ್ನೊಂದು ಕೈ ಹಿಡಿದಳು. ಕವಲಿನ ತೋಳು ಬೆಟ್ಟದ ಕಡೆ ತೆವಳಿತು. ದ್ಯಾಮಿ ಉಸಿರು ಬಿಟ್ಟಳು, ಮೊಣಕಾಲು ಹಿಡಿದು ಎದ್ದಳು.

ತುದಿಯ ಎಳೆ ತುದಿಯೂರಿನಲ್ಲೇ ಇತ್ತು. ಮಟ್ಟದಯ್ಯ ಅದನ್ನು ಅವರಿಗೇ ಉಡುಗೊರೆಯಾಗಿ ಕೊಟ್ಟಿದ್ದ. ಇನ್ನು ನಾವು ತುದಿಯವರಲ್ಲ ಎಂದು ಅವರು ಅದನ್ನು ಊರಬಾಗಿಲಿಗೆ ತೋರಣ ಕಟ್ಟಿದ್ದರು. ಕಟ್ಟಿದ ಕೈ ದ್ಯಾಮಿಯದೇ. ಬಿಚ್ಚಲು ಕೈ ಎತ್ತಿದಾಗ ಊರಿಗೆ ಊರೇ ಬಂದು ಅಡ್ಡ ನಿಂತಿತು. ಮುಂದೆ ನಿಂತವನು ಊರಿನ ಹಿರಿಯ ಕಾಳಜ್ಜ.

"ಮುಟ್ಟಬೇಡ ಕಣೇ," ಎಂದ ಕಾಳಜ್ಜ.

"ಅಜ್ಜ, ಮಳೆ ಬರುತ್ತೆ. ಬುಡದೂರು ಮುಳುಗುತ್ತೆ. ನೀಲಿ ಅಲ್ಲಿದ್ದಾಳೆ, ಅವಳ ಕೂಸಿದೆ." ಮೊಸಳೆ ಹೇಳಿದ್ದನ್ನೆಲ್ಲ ಅವಳು ಹೇಳಿದಳು.

"ಅಂದರೆ ನಾವು ಮತ್ತೆ ತುದಿ? ಮತ್ತೆ ಬಾಗಿಲಾಚೆ? ಅಂಗಳದಲ್ಲಿ ಕೂತು ಬಾಯಿ ಹರಿದುಕೊಂಡವಳು ಯಾರೇ, ನಾನಾ?"

"ಬುಡದೂರಿನ ಉಪ್ಪು ತಿಂದು ಬಂದವಳೆ!" ಎಂದು ಯಾರೋ ಹಿಂದಿನಿಂದ ಕೂಗಿದರು.

"ತಿಂದಿಲ್ಲ, ಹೊತ್ತಿದ್ದೀನಿ," ಎಂದಳು ದ್ಯಾಮಿ. ಕೂಗಲು ಅವಳಲ್ಲಿ ತ್ರಾಣ ಇರಲಿಲ್ಲ. ಊರಬಾಗಿಲ ಕೆಳಗೆ ನೆಲದ ಮೇಲೆ ಕೂತೇ ಮಾತಾಡಿದಳು. "ನೀವೂ ಹೊತ್ತಿದ್ದೀರಿ. ನಮ್ಮನ್ನು ಬಾಗಿಲಾಚೆ ನಿಲ್ಲಿಸಿದ್ದು ಕೊಂಬೆಯಾ ಅಜ್ಜ? ಮನುಷ್ಯರು. ಅವರ ಸೊಕ್ಕಿನ ಮೇಲೆ ಎತ್ತಬೇಕಾದ ಕೊಡಲಿಯನ್ನು ಮರದ ಮೇಲೆ ಎತ್ತಿದೆವು. ಸೊಕ್ಕು ಇದ್ದ ಹಾಗೇ ಇದೆ, ಮರ ಹೋಯಿತು. ಮಟ್ಟದಯ್ಯ ಎಲ್ಲರ ಮಾತನ್ನೂ ಒಂದೇ ಸದ್ದು ಮಾಡಿದ. ಆಮೇಲೆ ಆ ಸದ್ದನ್ನು ತಾನೇ ಮಾಡಿಕೊಂಡ. ಇದನ್ನು ಸಮಾನತೆ ಅಂತ ನಾನು ಕುಣಿದೆ."

ಅವಳು ಕೂತಲ್ಲಿಂದಲೇ ಮೇಲಿನ ತೋರಣದ ಕಡೆ ಬೆರಳು ಮಾಡಿದಳು.

"ನಮ್ಮದು ತಡವಾಗಿ ಮುಟ್ಟುವ ಮಾತು ಅಂತ ಅರಮನೆಯವರು ಹೇಳಿದರು, ನಾವೂ ನಂಬಿದೆವು. ಅದು ಮೊದಲು ಹೊರಡುವ ಮಾತು, ಅಜ್ಜ. ನಾವು ಹೊರಡಿಸದೆ ಹೋದರೆ ಕೆಳಗಿನವರು ಎಷ್ಟು ತಟ್ಟಿದರೂ ಮೊಸಳೆ ಏಳೋದಿಲ್ಲ. ಅರಸನ ಜೊತೆ ಜಗಳ ನಾನು ಬಿಡೋದಿಲ್ಲ. ಅವನು ಈ ಬೆಟ್ಟ ಹತ್ತಬೇಕು, ಹತ್ತಿಸ್ತೀನಿ. ಅದು ಆಮೇಲೆ. ಈಗ ಎಳೆ ಕೊಡಿ."

ಬೆಟ್ಟದ ಆಚೆ ಗುಡುಗಿತು. ಕಾಳಜ್ಜ ತಲೆಯೆತ್ತಿ ತೋರಣ ನೋಡಿದ, ದ್ಯಾಮಿಯ ಒಡೆದ ಹಿಮ್ಮಡಿಗಳನ್ನು ನೋಡಿದ.

"ಇಳಿಸ್ರೋ," ಎಂದ. "ಏನು ನೋಡ್ತಾ ನಿಂತಿದ್ದೀರಿ? ಮಳೆ ಕಾಯುತ್ತಾ?"

ಬೆಳೆದು ಬಂದಿದ್ದ ಕೊಂಬೆಯ ತುದಿಗೆ ಎಳೆಯನ್ನು ಸೇರಿಸಿದರು. ಊರಿನವರೆಲ್ಲ ಸರದಿಯಲ್ಲಿ ಅಂಗೈ ಕೊಟ್ಟರು. ನೂಲಿನಂಥ ಎಳೆ ಬೆಚ್ಚಗಾಗಿ ಹೊಳೆಯ ಕಲ್ಲಿನ ಪಕ್ಕದಲ್ಲಿ ಬಂದು ಮಲಗಿತು.

ಬೆಟ್ಟದಲ್ಲಿ ಮಳೆ ಶುರುವಾಗಿತ್ತು. ಸಮುದ್ರದ ಕಡೆ ಇನ್ನೂ ಬಿಸಿಲು. ಉಪ್ಪಿನ ಗೋಪುರದ ಮೇಲೆ ನಿಂತಿದ್ದ ಮಟ್ಟದಯ್ಯ ಮೋಡ ನೋಡಿ, ಮಳೆಗೆ ಮುಂಚೆ ಇನ್ನೊಂದು ಸಲ ಗದ್ದೆ ತುಂಬಿಸಿಕೊಳ್ಳೋಣ ಎಂದುಕೊಂಡ. ಸಮುದ್ರ ಉಬ್ಬುತ್ತಿತ್ತು. ಅವನು ಚಪ್ಪಾಳೆ ತಟ್ಟಿ ಹಕ್ಕಿಗಳನ್ನು ಬಿಟ್ಟ.

ಹಕ್ಕಿಗಳಿಗೆ ಅವನು ಹಾಕಿದ್ದ ಮಂತ್ರ ಒಂದೇ: ಮರದಲ್ಲಿ ನಿಮ್ಮ ನಿಮ್ಮ ಊರಿನ ಜಾಗವನ್ನು ಕುಟ್ಟಿ. ಮೋಟು ಕಂಬದಲ್ಲಿ ಎಲ್ಲ ಜಾಗವೂ ಒಂದೇ ಆಗಿತ್ತು. ಈಗ ಹಾಗಿರಲಿಲ್ಲ. ಬುಡದೂರಿನ ಹಕ್ಕಿ ಹತ್ತಿರದಲ್ಲೇ ಇಳಿದು ಕುಟ್ಟಿತು. ಅದು ಮೊಸಳೆಯ ಕತ್ತಿಗೆ ಬಂದು ಆರಿತು. ಕವಲೂರಿನವು ಹಾರಿ ಹಾರಿ ತಲುಪಿ ಕುಟ್ಟಿದವು. ಅದೂ ಬಂದು ಆರಿತು. ತುದಿಯೂರಿನದು ರೆಕ್ಕೆ ಸೋತು ಬೆಟ್ಟ ಮುಟ್ಟಿ ಒಂದು ಸಲ ಕುಟ್ಟಿ ಮಳೆಯಲ್ಲಿ ಮುದುಡಿ ಕೂತಿತು.

ಮೊಸಳೆ ಬಾಯಿ ತೆರೆಯಲಿಲ್ಲ.

"ತೆರೆಯೋ!" ಎಂದು ಕಿರುಚಿದ ಮಟ್ಟದಯ್ಯ. "ಎಲ್ಲರೂ ಕುಟ್ಟಿದರಲ್ಲ! ಎಣಿಸಲು ಬರೋದಿಲ್ವಾ?"

"ಕುಟ್ಟಿದ್ದು ಕೇಳಿಸಿತು," ಎಂದಿತು ಮೊಸಳೆ. "ಹೊಳೆ ಬಂದದ್ದು ಕೇಳಿಸಲಿಲ್ಲ."

ಆ ಹೊತ್ತಿಗೆ ತುದಿಯೂರಿನಲ್ಲಿ ಕೆಂಪು ನೀರು ಕಲ್ಲನ್ನು ಮುಟ್ಟಿತು. ದ್ಯಾಮಿ ಎಳೆಯನ್ನು ಒಂದು ಸಲ ತಟ್ಟಿದಳು. ಎಷ್ಟು ಮೆತ್ತಗಿನ ಸದ್ದು ಎಂದರೆ ಪಕ್ಕದಲ್ಲಿದ್ದ ಕಾಳಜ್ಜನಿಗೂ ಕೇಳಲಿಲ್ಲ. ಇನ್ನೊಮ್ಮೆ ತಟ್ಟಲು ಅವಳ ಕೈ ತುಡಿಯಿತು. ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಳು. ಕವಲೂರಿನಲ್ಲಿ ನೀರು ಏರಿತು. ಸಣ್ಣೀರ ಈ ದಡದಿಂದ, ಗಂಗಿ ಆ ದಡದಿಂದ, ಒಟ್ಟಿಗೆ ತಟ್ಟಿದರು.

ಬುಡದೂರಿನಲ್ಲಿ ನೀಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕಲ್ಲಿನ ಹತ್ತಿರ ನಿಂತಿದ್ದಳು. ಮೇಲಿನಿಂದ ಹೊಳೆ ಬಿದಿರುಮೆಳೆಗಳನ್ನು ಕಿತ್ತುಕೊಂಡು ಬರುತ್ತಿರುವುದು ಕಾಣುತ್ತಿತ್ತು.

"ತಟ್ಟೇ!" ಎಂದು ಜನ ಬೊಬ್ಬೆ ಹೊಡೆದರು. "ಕಣ್ಣು ಕಾಣೋದಿಲ್ವಾ? ಈಗಲೇ ತಟ್ಟು!"

"ಕಲ್ಲು ಮುಟ್ಟಲಿ."

"ಕೂಸಿನ ಮುಖ ನೋಡಾದರೂ ತಟ್ಟೇ!"

"ಅದರ ಮುಖ ನೋಡೇ ಕಾಯ್ತಿದ್ದೀನಿ," ಎಂದಳು ನೀಲಿ. ಅಂಗೈಯನ್ನು ಕೊಂಬೆಯ ಮೇಲೆ ಎತ್ತಿ ಹಿಡಿದಳು. "ಅಕ್ಕನದು ಇನ್ನೂ ದಾರಿಯಲ್ಲಿದೆ. ನಾನು ಮೊದಲೇ ತಟ್ಟಿದರೆ ಒಂಟಿಯಾಗಿ ಹೋಗುತ್ತೆ."

ನೀರು ಕಲ್ಲನ್ನು ಮುಟ್ಟಿತು. ನೀಲಿ ತಟ್ಟಿದಳು.

ತುದಿಯೂರಿನಿಂದ ಸೊರಗಿ ಸೊರಗಿ ಬಂದದ್ದು, ಕವಲೂರಿನಿಂದ ಬಂದದ್ದು, ನೀಲಿಯದು, ಎಲ್ಲವೂ ಒಂದೇ ಗಳಿಗೆಯಲ್ಲಿ ಮೊಸಳೆಯ ಕತ್ತಿಗೆ ಸೇರಿದವು. ನರದ ಮರ ಬುಡದಿಂದ ನಡುಗಿತು. ಹೆಮ್ಮೊಸಳೆ ಪಾಚಿ ಹರಿದುಕೊಂಡು ಕಣ್ಣು ಬಿಟ್ಟು ಬಾಯಿ ತೆರೆಯಿತು.

ಹಿರಿಹೊಳೆ ಅದರ ದವಡೆಗಳ ನಡುವಿನಿಂದ ನುಗ್ಗಿ ಮರಳದಿಬ್ಬಕ್ಕೆ ಅಪ್ಪಳಿಸಿತು. ಉಪ್ಪಿನ ಗೋಪುರ ಸಿಹಿನೀರಿನಲ್ಲಿ ನಿಂತಲ್ಲೇ ಕರಗಿತು. ಅಷ್ಟು ದಿನ ಉಪ್ಪಿನೊಳಗೇ ಇದ್ದು ಮಟ್ಟದಯ್ಯನೂ ಉಪ್ಪಾಗಿಹೋಗಿದ್ದ. ಅವನೂ ಕರಗಿದ. ಅವನ ಕೊಡಲಿ ಮಾತ್ರ ತಳ ಸೇರಿ ತುಕ್ಕು ಹಿಡಿಯಿತು. ಹಕ್ಕಿಗಳು ಬರೀ ಬೆಳ್ಳಕ್ಕಿಗಳಾಗಿ ಗದ್ದೆಗೆ ಇಳಿದವು. ಎಮ್ಮೆ ಎಮ್ಮೆಯಷ್ಟೇ ಆಯಿತು. ಹಾವು ಎರಡು ಹಾವಾಗಿ ಎರಡು ದಿಕ್ಕಿಗೆ ಹೋಯಿತು.

ಮಳೆ ಗದ್ದೆಗಳ ಉಪ್ಪನ್ನು ತೊಳೆಯಿತು. ದ್ಯಾಮಿ ಹೇಳಿದಂತೆಯೇ ತೊಂಡರಾಯ ಬೆಟ್ಟ ಹತ್ತಬೇಕಾಯಿತು. ಏದುತ್ತಾ ಬಂದು ಕಾಳಜ್ಜನ ಮನೆಯ ಮುಂದೆ ನಿಂತ. "ಬಾಗಿಲಾಚೆ ಸ್ವಲ್ಪ ನಿಲ್ಲಿ ಬುದ್ಧಿ, ಊಟ ಮಾಡ್ತಿದ್ದೀವಿ," ಎಂದ ಕಾಳಜ್ಜ. ಅರಸ ನಿಂತ. ಆಮೇಲೆ ಒಳಗೆ ಕರೆದು ಅವನಿಗೂ ಬಡಿಸಿದರು. ಅಂದಿನಿಂದ ಪ್ರತಿ ಮಳೆಗಾಲದ ಮೊದಲು ಅರಸನಾದವನು ತುದಿಯೂರಿಗೆ ಬಂದು, ಕಲ್ಲಿನ ಹತ್ತಿರ ಕೂತು ಕಾಯುವುದು ಕಟ್ಟಳೆಯಾಯಿತು. ಅರಮನೆಯಲ್ಲಿ ಯಾರನ್ನೂ ಬಾಗಿಲಾಚೆ ನಿಲ್ಲಿಸುವುದು ನಿಂತಿತು. ಎಲ್ಲರಿಗೂ ಉಣ್ಣಲು ಅನ್ನ, ಮಲಗಲು ಒಣಗಿದ ನೆಲ ಸಿಕ್ಕಿತು. ಅದಕ್ಕಿಂತ ದೊಡ್ಡ ಸುಖವನ್ನು ಅವರು ಕೇಳಲಿಲ್ಲ.

ಆದರೆ ಎಲ್ಲರಿಗಿಂತ ಮೊದಲು ಬೆಟ್ಟ ಹತ್ತಿದವಳು ನೀಲಿ. ಹೊಳೆ ಇಳಿದದ್ದೇ ತಡ, ಕೂಸನ್ನು ಎತ್ತಿಕೊಂಡು ನಡೆದಿದ್ದಳು. ದ್ಯಾಮಿ ಕಲ್ಲಿನ ಪಕ್ಕದಲ್ಲೇ ಒರಗಿದ್ದಳು. ಕೆಳಗೆ ಏನಾಯಿತೆಂದು ಅವಳಿಗೆ ಹೇಳಿದವರು ಇರಲಿಲ್ಲ. ಎದ್ದು ಹೋಗಿ ನೋಡಲು ಕಾಲು ಇರಲಿಲ್ಲ. ತಂಗಿ ಬಂದು ಪಕ್ಕದಲ್ಲಿ ಕೂತಾಗ ಅವಳು ಮೊದಲು ಕೂಸನ್ನು ಮುಟ್ಟಿ ನೋಡಿದಳು.

"ನನ್ನ ತಟ್ಟು ಬಂತಾ?" ಎಂದಳು.

"ಬಂತು ಅಕ್ಕಾ."

"ತೆಳ್ಳಗೆ ಬಂದಿರಬೇಕು."

"ತೆಳ್ಳಗೇ ಬಂತು," ಎಂದಳು ನೀಲಿ. "ಸಾಕಾಯಿತು."

ದ್ಯಾಮಿ ಕೂಸನ್ನು ಮಗ್ಗುಲಿಗೆ ಎಳೆದುಕೊಂಡು ಅಲ್ಲೇ ನಿದ್ದೆ ಹೋದಳು.